ಚೆಂಡೇ ಇಲ್ಲ, ಮತ್ತೆ ಪಾಯಿಂಟ್ ಹೇಗೆ?

ಮೆಲ್ಬರ್ನ್‌ನಲ್ಲಿ ನಾನು ರೋಲರ್ ಡರ್ಬಿ ಪಂದ್ಯಗಳಿಗೆ ಹೋಗುತ್ತೇನೆ ಅಂದರೆ ಸಾಕು, ಊರಿನವರೆಲ್ಲ ಇದನ್ನೇ ಕೇಳುತ್ತಾರೆ. ಹೆಂಗಸರು ಸ್ಕೇಟ್ ಹಾಕಿಕೊಂಡು ಸುಮ್ನೆ ಗುದ್ದಾಡುತ್ತಾರೆ, ಅಲ್ವಾ?

ಅಲ್ಲ. ಕಬಡ್ಡಿ ಗೊತ್ತಿದ್ದರೆ ಅರ್ಧ ಅರ್ಥವಾದ ಹಾಗೇ. ಅಲ್ಲಿ ಒಂದು ತಂಡದ ರೈಡ್ ಮುಗಿದ ಮೇಲೆ ಇನ್ನೊಂದರದ್ದು. ಇಲ್ಲಿ ಎರಡೂ ತಂಡದ ರೈಡರ್‌ಗಳು ಒಟ್ಟಿಗೇ ನುಗ್ಗುತ್ತಾರೆ. ಅವರನ್ನು ಜ್ಯಾಮರ್ ಅನ್ನುತ್ತಾರೆ, ಹೆಲ್ಮೆಟ್ ಮೇಲೆ ನಕ್ಷತ್ರ ಇರುತ್ತದೆ. ಪ್ರತಿ ತಂಡಕ್ಕೆ ಒಬ್ಬ ಜ್ಯಾಮರ್, ನಾಲ್ವರು ಬ್ಲಾಕರ್‌ಗಳು. ಬ್ಲಾಕರ್‌ಗಳು ಎದುರಾಳಿ ಜ್ಯಾಮರನ್ನು ತಡೆಯಬೇಕು, ಅದೇ ಹೊತ್ತಿಗೆ ತಮ್ಮವಳಿಗೆ ದಾರಿ ಬಿಡಿಸಬೇಕು. ತಲೆ ಕೆಡುವುದು ಇಲ್ಲೇ.

ಜ್ಯಾಮರ್ ಮೊದಲ ಸಲ ಬ್ಲಾಕರ್‌ಗಳ ಗುಂಪು ದಾಟಿದರೆ ಪಾಯಿಂಟ್ ಇಲ್ಲ. ಟ್ರ್ಯಾಕ್ ಒಂದು ಸುತ್ತು ಹಾಕಿ ಮತ್ತೆ ಬಂದಾಗ ದಾಟಿದ ಒಬ್ಬೊಬ್ಬ ಎದುರಾಳಿ ಬ್ಲಾಕರ್‌ಗೆ ಒಂದು ಪಾಯಿಂಟ್. ಇಂಥ ಒಂದು ಸರದಿಗೆ ಜ್ಯಾಮ್ ಅನ್ನುತ್ತಾರೆ, ಅದು ಹೆಚ್ಚೆಂದರೆ 2 ನಿಮಿಷ. ಆದರೆ ತಪ್ಪು ಮಾಡದೆ ಮೊದಲು ಗುಂಪಿನಿಂದ ಹೊರಬಂದವಳು ಲೀಡ್ ಜ್ಯಾಮರ್. ಬೇಕೆಂದಾಗ ಜ್ಯಾಮ್ ನಿಲ್ಲಿಸುವ ಹಕ್ಕು ಅವಳದ್ದು. ನಾಲ್ಕು ಪಾಯಿಂಟ್ ತೆಗೆದುಕೊಂಡು ಒಮ್ಮೆ ಹಿಂದೆ ನೋಡುತ್ತಾಳೆ. ಎದುರಾಳಿ ಜ್ಯಾಮರ್ ಗುಂಪಿನ ಹತ್ತಿರ ಬಂದೇಬಿಟ್ಟಿದ್ದಾಳೆ. ತಕ್ಷಣ ಎರಡೂ ಕೈಯಿಂದ ಸೊಂಟ ತಟ್ಟುತ್ತಾಳೆ, ಸೀಟಿ, ಜ್ಯಾಮ್ ಮುಗಿಯಿತು. ಆ ಕಡೆಯವಳಿಗೆ ಸೊನ್ನೆ! ಜೋರಾಗಿ ಓಡುವವರು ಎಲ್ಲ ತಂಡದಲ್ಲೂ ಇರುತ್ತಾರೆ. ಸರಿಯಾದ ಹೊತ್ತಿಗೆ ಸೊಂಟ ತಟ್ಟುವವರು ಕಡಿಮೆ.

1935ರಲ್ಲಿ ಶಿಕಾಗೋದಲ್ಲಿ ಲಿಯೋ ಸೆಲ್ಟ್ಜರ್ ಇದನ್ನು ದೂರದ ಓಟವಾಗಿ ಶುರು ಮಾಡಿದರು. ಈಗಿನ ರೂಪ ಮಾತ್ರ 2000ದ ಆಸುಪಾಸಿನಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನ ಹೆಂಗಸರು ಕಟ್ಟಿಕೊಂಡದ್ದು. ಇವತ್ತಿಗೂ ಆಡುವವರೇ ಕೈಯಿಂದ ದುಡ್ಡು ಹಾಕುತ್ತಾರೆ, ನೆಲಕ್ಕೆ ಟೇಪ್ ಅಂಟಿಸಿ ಟ್ರ್ಯಾಕ್ ಮಾಡುತ್ತಾರೆ. 2017ರಲ್ಲಿ ಮೆಲ್ಬರ್ನ್‌ನ ತಂಡ ವಿಶ್ವ ಮಟ್ಟದ ಚಾಂಪಿಯನ್‌ಶಿಪ್ ಗೆದ್ದಿತು. ಅಮೆರಿಕದ ಹೊರಗಿನ ತಂಡವೊಂದು ಗೆದ್ದದ್ದು ಅದೇ ಮೊದಲು.

ಇನ್ನು ಗುದ್ದಾಟ. ಭುಜ, ಎದೆ, ಸೊಂಟದಿಂದ ಗುದ್ದಬಹುದು. ಮೊಣಕೈ ಬೀಸಿದರೆ, ಬೆನ್ನಿಗೆ ತಳ್ಳಿದರೆ, ಕಾಲು ಅಡ್ಡ ಕೊಟ್ಟರೆ 30 ಸೆಕೆಂಡ್ ಪೆನಾಲ್ಟಿ ಬಾಕ್ಸ್. ಏಳು ಪೆನಾಲ್ಟಿ ಆದರೆ ಮನೆಗೆ. ಆ ಬಾಕ್ಸ್ ಪಕ್ಕ ಸ್ಟಾಪ್‌ವಾಚ್ ಹಿಡಿದು ಕೂರುವುದು ನನ್ನ ಕೆಲಸ, ಸಂಬಳವಿಲ್ಲ. ಜ್ಯಾಮರ್ ಬಂದು ಕೂತರೆ ಅಷ್ಟು ಹೊತ್ತು ಅವಳ ತಂಡಕ್ಕೆ ಪಾಯಿಂಟೇ ಇಲ್ಲ, ಎದುರಿನವಳು ಬಾಚಿಕೊಳ್ಳುತ್ತಾಳೆ. ಹಾಗೆ ಬಾಚಿಕೊಳ್ಳುವ ಆತುರದಲ್ಲಿ ಅವಳೂ ತಪ್ಪು ಮಾಡಿ ಬಂದಳು ಅನ್ನಿ: ಇವಳು ಕೂತ ಕೂಡಲೇ ಮೊದಲಿನವಳನ್ನು ಬಿಡಬೇಕು. ಅವಳು ಎಷ್ಟು ಸೆಕೆಂಡ್ ಕೂತಿದ್ದಳೋ ಇವಳಿಗೂ ಅಷ್ಟೇ ಶಿಕ್ಷೆ. ಆಗ ನನ್ನನ್ನು ಯಾರೂ ಮಾತಾಡಿಸಬಾರದು.