‘ಪಾಪ, ಅಮ್ಮನನ್ನು ಅಲ್ಲಿಗೇಕೆ ಕರೆದುಕೊಂಡು ಹೋಗುತ್ತೀರಿ?’

ಈ ಪ್ರಶ್ನೆಗೆ ಇನ್ನು ಮುಂದೆ ಬಾಯಿಮಾತಿನಲ್ಲಿ ಉತ್ತರಿಸುವುದಿಲ್ಲ ಎಂದು ನಿಶ್ಚಯಿಸಿದ್ದೇನೆ. ಕೇಳಿದವರಿಗೆ ಈ ಬರಹವನ್ನು ಕಳುಹಿಸುತ್ತೇನೆ. ಓದಿದರೆ ಸಂತೋಷ, ಉದ್ದವಾಯಿತೆಂದು ಓದದೆ ಬಿಟ್ಟರೆ ಇನ್ನೂ ಸಂತೋಷ, ಏಕೆಂದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ವಿಷಯ ಇಷ್ಟೇ. ನಾನು ಶಿಕಾಗೊ ನಗರದ ಪಶ್ಚಿಮಕ್ಕಿರುವ ನೇಪರ್‌ವಿಲ್‌ನಲ್ಲಿ ವಾಸವಾಗಿದ್ದೇನೆ. ಅಮ್ಮ ತಿಪಟೂರಿನ ಕಡೆಯವಳು. 2017, 2019, 2022 ಮತ್ತು 2024ರ ಬೇಸಿಗೆಗಳಲ್ಲಿ ಅವಳು ನನ್ನ ಮನೆಗೆ ಬಂದಿದ್ದಾಳೆ, ಆ ನಾಲ್ಕು ಸಲವೂ ಜೂನ್ ತಿಂಗಳಿನಲ್ಲಿ ನನ್ನ ಜೊತೆ ಶಿಕಾಗೊ ಬ್ಲೂಸ್ ಉತ್ಸವಕ್ಕೆ ಬಂದು ಕುಳಿತಿದ್ದಾಳೆ. ಅದು ನಗರಾಡಳಿತವೇ ಬಯಲಿನಲ್ಲಿ ನಡೆಸುವ, ಟಿಕೆಟ್ಟಿಲ್ಲದ ಸಂಗೀತೋತ್ಸವ. ಬ್ಲೂಸ್ ಎಂದರೆ ಅಮೆರಿಕದ ದಕ್ಷಿಣದ ಕಪ್ಪು ಜನರ ನಡುವೆ ಹುಟ್ಟಿದ ಹಾಡು. ಶಿಕಾಗೊ ಬ್ಲೂಸ್‌ಗೆ ಪಿತಾಮಹರಂತಿದ್ದ ಮಡ್ಡಿ ವಾಟರ್ಸ್ 1983ರಲ್ಲಿ ತೀರಿಕೊಂಡರು, ಮರುವರ್ಷವೇ ಉತ್ಸವ ಆರಂಭವಾಯಿತು. ಮೊದಲು ಗ್ರ್ಯಾಂಟ್ ಪಾರ್ಕಿನಲ್ಲಿ ನಡೆಯುತ್ತಿದ್ದದ್ದು 2017ರಿಂದ ಪಕ್ಕದ ಮಿಲೆನಿಯಮ್ ಪಾರ್ಕಿಗೆ ಬಂದಿದೆ. ಇದರಲ್ಲಿ ಗುಟ್ಟೇನೂ ಇಲ್ಲ. ಆದರೂ ಕನ್ನಡ ಬಲ್ಲವರು ನಾಲ್ಕು ಜನ ಸೇರಿದ ಕಡೆ ಅಮ್ಮ ಬ್ಲೂಸ್ ಕೇಳಲು ಹೋಗಿದ್ದಳೆಂಬ ಸುದ್ದಿ ಬಿದ್ದರೆ ಸಾಕು, ತಟ್ಟೆಯಲ್ಲಿದ್ದ ಬಿಸಿಬೇಳೆಬಾತ್ ಆರಿಹೋಗುವ ತನಕ ನಾನು ವಿಚಾರಣೆ ಎದುರಿಸಬೇಕು.

ಪ್ರಶ್ನೆಗಿಂತ ನನಗೆ ಮೈ ಉರಿಯುವುದು ಅದರ ಮೊದಲ ಪದದಿಂದ. ‘ಪಾಪ’ ಎಂಬುದನ್ನು ನಾವು ಕೂಸಿಗೆ, ಮಳೆಯಲ್ಲಿ ನೆನೆದ ನಾಯಿಮರಿಗೆ, ಪರೀಕ್ಷೆಯಲ್ಲಿ ಫೇಲಾದ ಹುಡುಗನಿಗೆ ಬಳಸುತ್ತೇವೆ. ಮೂರು ಮಕ್ಕಳ ಮದುವೆ ಮಾಡಿ, ಗಂಡ ಹೋದ ಮೇಲೆ ತೆಂಗಿನ ತೋಟ ನೋಡಿಕೊಂಡು, ಕೊಬ್ಬರಿ ವ್ಯಾಪಾರಿ ತೂಕದಲ್ಲಿ ಒಂದು ಕಿಲೋ ಆಚೀಚೆ ಮಾಡಿದರೂ ಹಿಡಿದು ನಿಲ್ಲಿಸುವ ಎಪ್ಪತ್ತು ದಾಟಿದ ಹೆಂಗಸು, ವಿಮಾನವಿಳಿದು ಮಗಳ ಮನೆಯ ಹೊಸ್ತಿಲು ತುಳಿದ ಕೂಡಲೇ ‘ಪಾಪ’ ಆಗಿಬಿಡುತ್ತಾಳೆ. ಆಮೇಲೆ ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕೆಂಬುದನ್ನು ಊರವರೆಲ್ಲ ನಿರ್ಧರಿಸುತ್ತಾರೆ. ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬಾರದೇ, ಲೆಮಾಂಟ್‌ನ ರಾಮನ ಗುಡಿಗೆ ಹೋಗಬಾರದೇ ಎನ್ನುತ್ತಾರೆ. ಎರಡಕ್ಕೂ ಹೋಗುತ್ತೇವೆ. ಅರೋರಾದ ಪುಳಿಯೋಗರೆಯ ಬಗ್ಗೆ ಅಮ್ಮನಿಗೆ ಅಭಿಪ್ರಾಯಗಳಿವೆ, ಇಲ್ಲಿ ಬೇಡ.

‘ಅಲ್ಲಿ ಕುಡಿಯುತ್ತಾರಂತೆ’ ಎಂಬುದು ಎರಡನೆಯದು. ಹೌದು, ಕುಡಿಯುತ್ತಾರೆ. ನಮ್ಮ ಮದುವೆಗಳಲ್ಲಿ ಛತ್ರದ ಹಿಂದೆ ನಿಲ್ಲಿಸಿದ ಕಾರಿನ ಡಿಕ್ಕಿಯ ಬಳಿ ನಡೆಯುವುದು ಇಲ್ಲಿ ಎಲ್ಲರೆದುರು ನಡೆಯುತ್ತದೆ, ವ್ಯತ್ಯಾಸ ಅಷ್ಟೇ. ಮೂರನೆಯದನ್ನು ಕೇಳುವಾಗ ದನಿ ತಗ್ಗುತ್ತದೆ. ‘ಅಲ್ಲಿ ಆ ಜನ ಜಾಸ್ತಿ ಅಲ್ಲವೇ, ಅಮ್ಮನಿಗೆ ಭಯವಾಗುವುದಿಲ್ಲವೇ?’ ಈ ಪ್ರವಾಸಗಳಲ್ಲಿ ಅಮ್ಮನಿಗೆ ಭಯವಾದದ್ದು ಒಂದೇ ಸಲ, ಯೂನಿಯನ್ ಸ್ಟೇಷನ್ನಿನಲ್ಲಿ ಎಸ್ಕಲೇಟರ್ ಹತ್ತುವಾಗ. ಆಗ ಅವಳ ಮೊಣಕೈ ಹಿಡಿದು ಮೇಲೆ ಹತ್ತಿಸಿದವಳು, ಕೇಳಿದವರಿಗೆ ತಿಳಿದಿರಲಿ, ‘ಆ ಜನ’ದವಳೇ. ಈ ಎರಡು ಪದಗಳ ರಾಗ ನನಗೆ ಅಮೆರಿಕಕ್ಕೆ ಬಂದ ಮೇಲೆ ಪರಿಚಯವಾದದ್ದಲ್ಲ. ಊರಿನಲ್ಲಿ ಕೆರೆ ಏರಿಯಾಚೆಗಿನ ಕೇರಿಯ ಮಾತು ಬಂದಾಗ ದೊಡ್ಡವರು ಇದೇ ಶ್ರುತಿಯಲ್ಲಿ ಮಾತಾಡುತ್ತಿದ್ದರು, ನಾವು ಮಕ್ಕಳು ಪಕ್ಕದಲ್ಲೇ ಕುಳಿತು ಕಲಿಯುತ್ತಿದ್ದೆವು.

ಇನ್ನು, ‘ಅವರಿಗೆ ಅದು ಏನು ಅರ್ಥವಾಗುತ್ತದೆ?’ ಎಂಬ ಪ್ರಶ್ನೆ. ದಕ್ಷಿಣದ ಮಿಸಿಸಿಪ್ಪಿ ರಾಜ್ಯದ ಹಳಬರು ಹಾಡುವ ಮಾತು ಇಪ್ಪತ್ತು ವರ್ಷದಿಂದ ಈ ದೇಶದಲ್ಲಿರುವ ನನಗೂ ಅರ್ಧಂಬರ್ಧ ತಿಳಿಯುತ್ತದೆ. ಒಮ್ಮೆ ಕರ್ನಾಟಕ ಸಂಗೀತ ಕಲಿತ ಸ್ನೇಹಿತೆಯೊಬ್ಬಳು ಜೊತೆಗೆ ಬಂದು, ಗಾಯಕ ಹಿಡಿಯುತ್ತಿರುವುದು ಸಾಧಾರಣ ಗಾಂಧಾರವೋ ಅಂತರ ಗಾಂಧಾರವೋ ಎಂದು ಸಂಜೆಯಿಡೀ ಚಡಪಡಿಸಿದಳು. ಅದು ಅವೆರಡರ ನಡುವೆ ಎಲ್ಲೋ ನಿಂತು ಜಾರುವ ಸ್ವರ. ಬ್ಲೂಸ್‌ನವರು ಅದನ್ನು ಬ್ಲೂ ನೋಟ್ ಎನ್ನುತ್ತಾರೆ, ಅದಿಲ್ಲದಿದ್ದರೆ ಬ್ಲೂಸ್ ಇಲ್ಲ. ಸ್ನೇಹಿತೆ ತಲೆನೋವು ಎಂದು ಬೇಗನೇ ಎದ್ದು ಹೋದಳು. ಅವಳಿಗೆ ಅರ್ಥವಾಯಿತೇ ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ.

ಈಗ ಒಂದು ನಿಜವನ್ನು ಹೇಳಿಬಿಡುತ್ತೇನೆ, ಮುಂದೆ ಯಾರಾದರೂ ಕೆದಕುವುದಕ್ಕಿಂತ ನಾನೇ ಹೇಳುವುದು ಮೇಲು. 2017ರಲ್ಲಿ ನಾನು ಅಮ್ಮನನ್ನು ಕರೆದುಕೊಂಡು ಹೋದದ್ದು ಅವಳಿಗಾಗಿ ಅಲ್ಲ. ನನಗೆ ಹೋಗಬೇಕಿತ್ತು, ಗಂಡ ಊರಿನಲ್ಲಿರಲಿಲ್ಲ, ಅವಳೊಬ್ಬಳನ್ನೇ ಮನೆಯಲ್ಲಿ ಬಿಡುವ ಹಾಗಿರಲಿಲ್ಲ. ಸ್ವೆಟರ್ ಹಾಕಿಸಿ, ಡಬ್ಬಿಯಲ್ಲಿ ಕೋಡುಬಳೆ ತುಂಬಿಸಿ, ಮಗುವನ್ನು ಆಫೀಸಿಗೆ ಹೊತ್ತೊಯ್ದ ಹಾಗೆ ಅವಳನ್ನು ರೈಲು ಹತ್ತಿಸಿದೆ. ಪ್ರಿಟ್ಜ್‌ಕರ್ ಪೆವಿಲಿಯನ್ ಎಂಬ ಆ ರಂಗಮಂಟಪದ ಮುಂದಿನ ನಾಲ್ಕು ಸಾವಿರ ಕುರ್ಚಿಗಳು ಆಗಲೇ ತುಂಬಿದ್ದವು, ಹಿಂದಿನ ಹುಲ್ಲಿನ ಮೇಲೆ ಜಮಖಾನ ಹಾಸಿ ಕುಳಿತೆವು. ಫ್ರ್ಯಾಂಕ್ ಗೆರಿ ಎಂಬ ವಾಸ್ತುಶಿಲ್ಪಿ ಕಟ್ಟಿದ, ಉಕ್ಕಿನ ತಗಡುಗಳು ಗಾಳಿಗೆ ಎದ್ದಂತೆ ಕಾಣುವ ಅದರ ನೆತ್ತಿಯನ್ನು ಅಮ್ಮ ಸ್ವಲ್ಪ ಹೊತ್ತು ನೋಡಿ, ‘ಶೀಟು ಹಾರಿಹೋಗಿದೆಯೇನೋ ಅನ್ಕೊಂಡೆ’ ಎಂದಳು. ಆ ಉದ್ಯಾನವನ್ನು ಇಲಿನಾಯ್ ಸೆಂಟ್ರಲ್ ರೈಲ್ವೆಯ ಹಳೆಯ ಯಾರ್ಡಿನ ಮೇಲೆ ಕಟ್ಟಿದ್ದಾರೆಂದೂ ಈಗಲೂ ಕೆಳಗೆ ರೈಲು ಓಡುತ್ತದೆಂದೂ, ದಕ್ಷಿಣದ ಹತ್ತಿಯ ಹೊಲಗಳನ್ನು ಬಿಟ್ಟು ಈ ಹಾಡುಗಳನ್ನು ಹೊತ್ತು ಬಂದ ಲಕ್ಷಾಂತರ ಜನರಲ್ಲಿ ಬಹಳಷ್ಟು ಮಂದಿ ಅದೇ ರೈಲ್ವೆಯಲ್ಲಿ ಬಂದವರೆಂದೂ ನಾನು ಉತ್ಸಾಹದಿಂದ ವಿವರಿಸಿದೆ. ‘ರೈಲಿನ ಮೇಲೆ ತೋಟ ಮಾಡಿದಾರಾ? ನೀರು ಸೋರಲ್ವಾ?’ ಎಂದು ಕೇಳಿದಳು. ಹಾಡಿನ ಬಗ್ಗೆ ಆ ವರ್ಷ ಏನೂ ಹೇಳಲಿಲ್ಲ. ಕೋಡುಬಳೆ ಮಾತ್ರ ಪಕ್ಕದ ಜಮಖಾನದವರಿಗೂ ಹಂಚಿದಳು.

ಎರಡನೆಯ ಸಲ, 2019ರಲ್ಲಿ, ಮುಖ್ಯ ವೇದಿಕೆಯ ಗದ್ದಲ ಬೇಡವೆಂದು ಮಿಸಿಸಿಪ್ಪಿಯ ಕಲಾವಿದರಿಗೆಂದೇ ಹಾಕಿದ್ದ ಸಣ್ಣ ವೇದಿಕೆಯ ಮುಂದೆ ಕುಳಿತೆವು. ಒಬ್ಬ ಮುದುಕ, ಒಂದು ಗಿಟಾರ್, ಅಷ್ಟೇ. ಎಡಗೈಯ ಕಿರುಬೆರಳಿಗೆ ಗಾಜಿನ ನಳಿಕೆ ತೊಟ್ಟು ತಂತಿಯ ಮೇಲೆ ಜಾರಿಸುತ್ತಿದ್ದ. ಬಲಗಾಲಿನ ಬೂಟಿನಿಂದ ಹಲಗೆಯನ್ನು ಕುಟ್ಟುತ್ತಿದ್ದ. ಒಂದು ಸಾಲು ಹಾಡಿ ನಿಲ್ಲಿಸುತ್ತಾನೆ, ಗಿಟಾರ್ ಅದಕ್ಕೆ ಉತ್ತರ ಕೊಡುತ್ತದೆ. ಅದೇ ಸಾಲನ್ನು ಮತ್ತೊಮ್ಮೆ ಹಾಡುತ್ತಾನೆ, ಮತ್ತೆ ಗಿಟಾರ್. ಆಮೇಲೆ ಮೂರನೆಯ ಸಾಲು ಬಂದು ಮೊದಲೆರಡಕ್ಕೆ ಬೀಗ ಹಾಕುತ್ತದೆ. ಬ್ಲೂಸ್‌ನ ಸಾಮಾನ್ಯ ಕಟ್ಟು ಇದೇ. ಮೂರನೆಯ ಹಾಡೋ ನಾಲ್ಕನೆಯದೋ ನಡೆಯುತ್ತಿತ್ತು, ನಾನು ತಿರುಗಿ ನೋಡಿದರೆ ಅಮ್ಮನ ಬಲಗೈ ಮಂಡಿಯ ಮೇಲೆ ಸುತ್ತುತ್ತಿತ್ತು. ಅದು ತಾಳ ಹಾಕುವ ಕೈಯಲ್ಲ. ಮುಷ್ಟಿ ಸಡಿಲವಾಗಿ ಮಡಚಿಕೊಂಡು, ಏನನ್ನೋ ಹಿಡಿದಂತೆ, ಬಲದಿಂದ ಎಡಕ್ಕೆ ನಿಧಾನವಾಗಿ ತಿರುಗುತ್ತಿತ್ತು. ಅವನ ಬೂಟು ಹಲಗೆಗೆ ಬಿದ್ದಾಗಲೆಲ್ಲ ಸ್ವಲ್ಪ ಒತ್ತಿ ಮುಂದಕ್ಕೆ ಹೋಗುತ್ತಿತ್ತು.

‘ಏನಮ್ಮ ಅದು?’ ಎಂದೆ.

‘ಏನಿಲ್ಲ ಕಣೇ, ರಾಗಿ ಬೀಸೋ ಪದದ ಥರ ಇದೆ’ ಎಂದಳು.

ಹಾಡು ಮುಗಿದ ಮೇಲೆ ಕೇಳದಿದ್ದರೂ ವಿವರಿಸಿದಳು. ಅಜ್ಜಿ ಕೋಳಿ ಕೂಗುವ ಮೊದಲೇ ಬುಡ್ಡಿ ದೀಪ ಹಚ್ಚಿಕೊಂಡು ಬೀಸುಕಲ್ಲಿನ ಮುಂದೆ ಕೂರುತ್ತಿದ್ದಳಂತೆ, ಎದುರಿಗೆ ಪಕ್ಕದ ಮನೆಯ ಹೆಂಗಸು. ಒಂದೇ ಗೂಟಕ್ಕೆ ಇಬ್ಬರ ಕೈ. ಅಮ್ಮ ಏಳೆಂಟು ವರ್ಷದವಳು, ಕಲ್ಲಿನ ಬಾಯಿಗೆ ಹಿಡಿ ಹಿಡಿ ರಾಗಿ ಹಾಕುವ ಕೆಲಸ ಅವಳದು. ಒಬ್ಬಳು ಒಂದು ಸಾಲು ಎತ್ತಿದರೆ ಇನ್ನೊಬ್ಬಳು ಅದನ್ನೇ ಹಿಡಿದು ಹಾಡುತ್ತಿದ್ದಳು. ‘ಅವನು ಒಂದೇ ಸಾಲನ್ನ ಎರಡು ಸಲ ಯಾಕೆ ಹೇಳ್ತಾನೆ ಗೊತ್ತಾ? ಮುಂದಿನದು ಕಟ್ಟೋದಕ್ಕೆ ಟೈಮ್ ಬೇಕಲ್ಲ. ನಿಮ್ಮಜ್ಜಿನೂ ಹಂಗೇ. ಎರಡನೇ ಸಲ ಹೇಳೋವಾಗ ಅವಳ ಮುಖ ನೋಡಿದ್ರೆ ಗೊತ್ತಾಗೋದು, ಇನ್ನೂ ಹುಡುಕ್ತಾ ಇದಾಳೆ ಅಂತ.’

ಬ್ಲೂಸ್ ಕುರಿತು ನಾನು ಓದಿರುವ ಪುಸ್ತಕಗಳು ಇದೇ ಮಾತನ್ನು ಹೇಳಲು ಹಲವು ಪುಟ ತೆಗೆದುಕೊಂಡಿವೆ. ಬೀಸುವ ಪದಗಳನ್ನು ಕಟ್ಟಿರುವ ನಮ್ಮ ತ್ರಿಪದಿಗೂ ಕಾಗದದ ಮೇಲೆ ಮೂರೇ ಸಾಲು. ಹಾಡುವಾಗ ಮಾತ್ರ ಎರಡನೆಯ ಸಾಲು ಮರುಕಳಿಸಿ ನಾಲ್ಕಾಗುತ್ತದೆ; ಬ್ಲೂಸ್‌ನಲ್ಲಿ ಮರುಕಳಿಸುವುದು ಮೊದಲನೆಯದು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಜ್ಜಿ ಬೀಸಿದ್ದು ತನ್ನ ಮನೆಯ ರಾಗಿಯನ್ನು, ಬ್ಲೂಸ್‌ನವರ ಅಜ್ಜಂದಿರು ಬಿಡಿಸಿದ್ದು ಇನ್ನೊಬ್ಬರ ಹತ್ತಿಯನ್ನು, ಅದಕ್ಕೂ ಮೊದಲು ಅವರೇ ಇನ್ನೊಬ್ಬರ ಸೊತ್ತಾಗಿದ್ದವರು. ಆ ಅಂತರವನ್ನು ಯಾವ ತ್ರಿಪದಿಯೂ ತುಂಬುವುದಿಲ್ಲ. ಆದರೆ ಕೈ ಕೆಲಸದಲ್ಲಿದ್ದಾಗ ಬಾಯಿ ಏನು ಮಾಡುತ್ತದೆ ಎಂಬುದು ಅಮ್ಮನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅದೇ ದಿನ ಇನ್ನೊಬ್ಬಳು ಗಾಯಕಿ ಸೊಂಟದ ಮೇಲೆ ಕೈಯಿಟ್ಟು ಮೈಕಿಗೆ ಬಂದು ಎರಡು ಸಾಲು ಹಾಡುವಷ್ಟರಲ್ಲಿ ಅಮ್ಮ ನನ್ನ ಕಡೆಗೆ ಬಾಗಿ, ‘ಗಂಡನ್ನ ಬೈತಾ ಇದಾಳಲ್ವಾ?’ ಎಂದಳು. ಹೌದು, ಅದೇ. ‘ಅಷ್ಟು ಗೊತ್ತಾಗಲ್ವಾ’ ಎಂದು ಕೋಡುಬಳೆ ಮುರಿದಳು. ಅರ್ಥವಾಗುತ್ತದೆಯೇ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಇದಕ್ಕಿಂತ ಹೆಚ್ಚಿನದು ನನ್ನಲ್ಲಿಲ್ಲ.

ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿರುವ ಪ್ರಶ್ನೆಯೇ ಬೇರೆ: ನಿಮ್ಮ ಅಜ್ಜಿ ಏನು ಹಾಡುತ್ತಿದ್ದರು? ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ನಾನೂ ತೊದಲುತ್ತಿದ್ದೆ ಎನ್ನುವುದು ಬೇರೆ ಮಾತು. ಮಡ್ಡಿ ವಾಟರ್ಸ್ ಅವರ ನಿಜನಾಮ ಮೆಕಿನ್ಲಿ ಮಾರ್ಗನ್‌ಫೀಲ್ಡ್ ಎಂದು ತಿಳಿದುಕೊಂಡಿದ್ದ ನನಗೆ, ಅಜ್ಜಿ ಹಾಡುತ್ತಿದ್ದಳು ಎಂಬುದೇ ಆ ದಿನದ ತನಕ ತಿಳಿದಿರಲಿಲ್ಲ. ನಾನು ಕಂಡ ಅಜ್ಜಿ ಕೆಮ್ಮುತ್ತಿದ್ದಳು, ಬೈಯುತ್ತಿದ್ದಳು, ಹಾಡಿದ್ದನ್ನು ಕೇಳಿಲ್ಲ. ರೈಲಿನಲ್ಲಿ ಮನೆಗೆ ಹಿಂತಿರುಗುವಾಗ ಅಮ್ಮ ನೆನಪು ಮಾಡಿಕೊಂಡು ಹೇಳಿದ್ದು ಏಳು ಹಾಡು, ಅದರಲ್ಲಿ ಪೂರ್ತಿಯಾದವು ನಾಲ್ಕು. ಒಂದರಲ್ಲಿ ಬೀಸುಕಲ್ಲನ್ನೇ ತಾಯಿ ಎಂದು ಕರೆದು ಬೇಡಿಕೊಳ್ಳುವುದಿದೆ, ಇನ್ನೊಂದರಲ್ಲಿ ತವರಿನಿಂದ ಅಣ್ಣ ಬರುವ ದಾರಿ ಕಾಯುವುದಿದೆ, ಎರಡರಲ್ಲಿ ಅತ್ತೆಯ ಬಗ್ಗೆ ಇಲ್ಲಿ ಬರೆಯಲಾಗದ ಸಂಗತಿಗಳಿವೆ. ಉಳಿದವು ಏಕೆ ಮರೆತವು ಎಂದರೆ, ಅವಳಿಗೆ ಹತ್ತು ತುಂಬುವ ಹೊತ್ತಿಗೆ ಊರಿಗೆ ಕರೆಂಟು ಬಂತು, ಅದರ ಹಿಂದೆಯೇ ಹಿಟ್ಟಿನ ಮಿಲ್ಲು ಬಂತು. ಬೀಸುಕಲ್ಲು ಹಿತ್ತಿಲಿಗೆ ಹೋಯಿತು. ಮಿಲ್ಲಿನ ಮುಂದೆ ಡಬ್ಬಿ ಹಿಡಿದು ಸಾಲು ನಿಂತ ಹೆಂಗಸರು ಹಾಡಲಿಲ್ಲ.

ನನ್ನ ತಲೆಯಲ್ಲಿ ಒಂದು ಸಿದ್ಧಾಂತ ಹುಟ್ಟಿದ್ದು ಆಗ. ಮಡ್ಡಿ ವಾಟರ್ಸ್ 1943ರಲ್ಲಿ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಬಳಿಯ ಸ್ಟೋವಲ್ ಜಮೀನಿನಲ್ಲಿ ಟ್ರ್ಯಾಕ್ಟರ್ ಓಡಿಸುವುದನ್ನು ಬಿಟ್ಟು ಶಿಕಾಗೊಗೆ ಬಂದರು. ಮರುವರ್ಷ ಅದೇ ಊರಿನ ಪಕ್ಕದ ಹಾಪ್ಸನ್ ಜಮೀನಿನಲ್ಲಿ ಹತ್ತಿ ಬಿಡಿಸುವ ಯಂತ್ರಗಳನ್ನು ಜನರ ಮುಂದೆ ಓಡಿಸಿ ತೋರಿಸಿದರು; ಅವುಗಳನ್ನು ತಯಾರಿಸಿದ್ದು ಶಿಕಾಗೊದ್ದೇ ಆದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ. ಅಲ್ಲಿಯೂ ಯಂತ್ರ ಬಂದು ಕೈಗೆಲಸ ಹೋಯಿತು. ಆದರೆ ಹಾಡು ಜನರ ಜೊತೆಗೆ ರೈಲು ಹತ್ತಿತು. ಶಿಕಾಗೊದ ಕ್ಲಬ್ಬುಗಳ ಗದ್ದಲದಲ್ಲಿ ಮರದ ಗಿಟಾರಿನ ದನಿ ಕೇಳಿಸದಿದ್ದಾಗ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಇನ್ನೂ ಜೋರಾಯಿತು. ಅವರ ಹಾಡಿಗೆ ದನಿ ಕೊಟ್ಟ ಕರೆಂಟೇ ನಮ್ಮ ಊರಿನ ಹಾಡಿನ ಬಾಯಿ ಮುಚ್ಚಿಸಿತು. ಇದನ್ನು ಒಂದು ಲೇಖನವಾಗಿ ಬರೆಯಬೇಕೆಂದು, ಶೀರ್ಷಿಕೆಯನ್ನೂ ಯೋಚಿಸಿಕೊಂಡು, ಅಮ್ಮನಿಗೆ ಕೊಂಚ ಗದ್ಗದಿತಳಾಗಿಯೇ ಹೇಳಿದೆ.

ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದವಳು ತಿರುಗಿ, ‘ಅಯ್ಯೋ, ಮಿಲ್ಲು ಬಂದಿದ್ದು ಒಳ್ಳೇದೇ ಆಯ್ತು ಬಿಡು, ನಿಮ್ಮಜ್ಜಿ ರಟ್ಟೆ ಉಳೀತು’ ಎಂದಳು. ‘ಹಾಡು ಬೇಕು ಅಂತ ಯಾರು ಬೀಸ್ತಿದ್ರು? ನೀನು ಒಂದು ಸೇರು ಬೀಸಿ ನೋಡು, ಆಮೇಲೆ ಬರಿ.’

ಲೇಖನ ಬರೆಯಲಿಲ್ಲ. 2022ರಲ್ಲಿಯೂ 2024ರಲ್ಲಿಯೂ ಹೋದೆವು, ಮುದುಕನನ್ನು ಹುಡುಕಿದೆವು, ಸಿಗಲಿಲ್ಲ. ಮುಂದಿನ ಸಲ ಬರುವುದಾದರೆ ಅಮ್ಮ ಫೋನಿನಲ್ಲಿಯೇ ಒಂದು ಷರತ್ತು ಹಾಕಿದ್ದಾಳೆ: ಮಧ್ಯಾಹ್ನವೇ ಹೊರಟು ಮುಂದಿನ ಕುರ್ಚಿ ಹಿಡಿಯಬೇಕು, ಆ ಹುಲ್ಲಿನ ಮೇಲೆ ಕುಳಿತರೆ ಅವಳನ್ನು ಎಬ್ಬಿಸಲು ನಾನೊಬ್ಬಳು ಸಾಲುವುದಿಲ್ಲವಂತೆ.