ಗಿಣ್ಣೂ ಗಟ್ಟಿಯಾಯ್ತು, ನನ್ ಪ್ರೋಟೀನೂ

ಶನಿವಾರ ಮಧ್ಯಾಹ್ನ ಸಿಡಿ ಮಷಿನ್ (ಸರ್ಕ್ಯುಲರ್ ಡೈಕ್ರೋಯಿಸಂ, ಬೆಳಕು ಹಾಯಿಸಿ ಪ್ರೋಟೀನ್ ಹೇಗೆ ಮಡಚ್ಕೊಂಡಿದೆ ಅಂತ ನೋಡೋದು) ಸ್ಲಾಟ್ ಸಿಕ್ತು, ವಾರಪೂರ್ತಿ ಬೇರೆ ಲ್ಯಾಬಿನವ್ರೇ ಬುಕ್ ಮಾಡ್ಕೊಂಡಿರ್ತಾರೆ, ನಮಗುಳಿಯೋದು ಇಂಥ ಹೊತ್ತೇ. ಕೈಯಲ್ಲಿ ಎರಡು ಪ್ರೋಟೀನ್ ಇತ್ತು. ಒಂದು ಬ್ಯಾಕ್ಟೀರಿಯಾದ ಎಂಜೈಮು, ಮೂರು ವಾರ ಕೋಲ್ಡ್ ರೂಮಲ್ಲಿ ಸ್ವೆಟರ್ ಹಾಕ್ಕೊಂಡು ಪ್ಯೂರಿಫೈ ಮಾಡಿದ್ದು. ಇನ್ನೊಂದು ಪ್ರಕೃತಿಯಲ್ಲೇ ಇಲ್ಲದ್ದು, ಕಂಪ್ಯೂಟರಲ್ಲಿ ಡಿಸೈನ್ ಮಾಡಿ ಅದರ ಜೀನ್ ತರಿಸಿ ಇ. ಕೊಲೈ ಬ್ಯಾಕ್ಟೀರಿಯಾ ಒಳಗೆ ಬೆಳೆಸಿದ್ದು, ಮೂರು ಹೆಲಿಕ್ಸು, ಅಂದ್ರೆ ಸ್ಪ್ರಿಂಗಿನಂಥ ಸುರುಳಿ, ಒಂದಕ್ಕೊಂದು ಒರಗಿ ನಿಂತಿರೋ ಬಂಡಲ್.

ಕೆಲಸ ಇಷ್ಟೇ, 222 ನ್ಯಾನೋಮೀಟರ್ ಬೆಳಕಲ್ಲಿ ಹೆಲಿಕ್ಸ್ ಸಿಗ್ನಲ್ ನೋಡ್ತಾ 20 ಡಿಗ್ರಿಯಿಂದ 95ರವರೆಗೆ ನಿಮಿಷಕ್ಕೊಂದು ಡಿಗ್ರಿ ಬಿಸಿ ಏರಿಸೋದು. ಹೆಲಿಕ್ಸ್ ಬಿಚ್ಕೊಂಡ್ರೆ ಸಿಗ್ನಲ್ ಕಮ್ಮಿಯಾಗತ್ತೆ. ಎಂಜೈಮು 48ರ ತನಕ ಗಂಭೀರವಾಗಿ ಕೂತಿತ್ತು, 52ಕ್ಕೆ ಒಂದೇ ಸಲ ಸಿಗ್ನಲ್ ಹಾಳು, ಡಿಟೆಕ್ಟರ್ ವೋಲ್ಟೇಜ್ ಮೇಲಕ್ಕೆ, ಅಂದ್ರೆ ಬೆಳಕು ಸರಿಯಾಗಿ ದಾಟ್ತಿಲ್ಲ. ಮುಚ್ಚಳ ತೆಗೆದು ನೋಡಿದ್ರೆ ಕ್ಯುವೆಟ್ (ಸ್ಯಾಂಪಲ್ ಹಾಕೋ ಪುಟ್ಟ ಪಾರದರ್ಶಕ ಡಬ್ಬಿ) ಒಳಗೆ ಬೆಳ್ಳಗೆ ಹಳುಕು ಹಳುಕು. ತಣ್ಣಗೆ ಮಾಡಿದ್ರೂ ವಾಪಸ್ ಬರ್ಲಿಲ್ಲ. ವಿಜ್ಞಾನಿ ಆನ್ಫಿನ್ಸೆನ್‌ರ ರೈಬೋನ್ಯೂಕ್ಲಿಯೇಸು ಅನ್ನೋ ಎಂಜೈಮು, ಬಿಚ್ಚೋಕೆ ಹಾಕಿದ್ದ ಯೂರಿಯಾ ತೆಗೆದ ಮೇಲೆ ತಾನಾಗೇ ಮಡಚ್ಕೊಂಡು ಮತ್ತೆ ಕೆಲಸ ಮಾಡ್ತು, ಆಕಾರದ ಗುಟ್ಟೆಲ್ಲ ಪ್ರೋಟೀನ್ ಸರದ ಮಣಿಗಳಾದ ಅಮೈನೋ ಆಸಿಡ್‌ಗಳ ಸಾಲಲ್ಲೇ ಇದೆ ಅಂತ ಗೊತ್ತಾಯ್ತು, 1972ರಲ್ಲಿ ನೊಬೆಲ್ಲೂ ಬಂತು. ಅದೇನೋ ಮರ್ಯಾದಸ್ಥ ಪ್ರೋಟೀನು. ನಂದಲ್ಲ.

ಅಷ್ಟ್ರಲ್ಲಿ ಅಮ್ಮನ ಫೋನು. ಹಸು ಕರು ಹಾಕಿದೆಯಂತೆ, "ಗಿಣ್ಣು ಎಷ್ಟ್ ಚೆನ್ನಾಗಿ ಗಟ್ಟಿಯಾಗಿದೆ ಗೊತ್ತೇನೋ, ನೀನೊಬ್ನೇ ಇಲ್ಲ ನೋಡು" ಅಂದ್ರು. ನಂಗೆ ನಗು ಬಂತು, ಇಲ್ಲೂ ಅದೇ ಆಗಿದೆ ಕಣಮ್ಮ ಅಂದೆ. ಮಾಮೂಲಿ ಹಾಲು ಕುದ್ರೂ ಒಡೆಯಲ್ಲ, ಯಾಕಂದ್ರೆ ಅದ್ರಲ್ಲಿ ಜಾಸ್ತಿ ಇರೋದು ಕೇಸೀನು, ಅದಕ್ಕೆ ಗಟ್ಟಿ ಮಡಿಕೆಯೇ ಇಲ್ಲ, ಮಡಚಿದ್ರೆ ತಾನೆ ಬಿಚ್ಚೋದು. ಮೊದಲ ದಿನದ ಗಿಣ್ಣುಹಾಲಲ್ಲಿ ಕರುವಿಗೆ ಬೇಕಾದ ಆಂಟಿಬಾಡಿಗಳು ತುಂಬಿರ್ತವೆ, ಬಿಸಿಗೆ ಅವು ಬಿಚ್ಕೊಂಡು, ಒಳಗೆ ಅಡಗಿಸಿಟ್ಟಿದ್ದ ಎಣ್ಣೆಯಂಥ ಭಾಗ ಹೊರಗೆ ಬಂದು ಒಂದನ್ನೊಂದು ಹಿಡ್ಕೊಂಡು ಬಲೆ ಆಗತ್ತೆ. ದಿನ ಕಳೆದಂಗೆ ಆಂಟಿಬಾಡಿ ಕಮ್ಮಿ, ಗಿಣ್ಣು ನಿಲ್ಲಲ್ಲ. ಅಮ್ಮಂಗೆ ಇದು ಮೊದ್ಲೇ ಗೊತ್ತು, ಎಷ್ಟನೇ ದಿನಕ್ಕೆ ಎಷ್ಟು ಮಾಮೂಲಿ ಹಾಲು ಬೆರೆಸ್ಬೇಕು ಅಂತ ಕೈಯಲ್ಲೇ ಲೆಕ್ಕ.

ಆಮೇಲೆ ಡಿಸೈನ್ ಪ್ರೋಟೀನ್ ಹಾಕ್ದೆ. 60, 70, 90, ಗೆರೆ ಅಲ್ಲಾಡ್ಲೇ ಇಲ್ಲ. ಮಷಿನ್ ಕೆಟ್ಟಿದ್ಯಾ ಅಂತ ಹೀಟರ್ ಮುಟ್ಟಿ ನೋಡಿ ಕೈ ಸುಟ್ಕೊಂಡೆ. 2003ರಲ್ಲಿ ಡೇವಿಡ್ ಬೇಕರ್ ಲ್ಯಾಬಲ್ಲಿ ಡಿಸೈನ್ ಮಾಡಿದ್ದ 93 ಅಮೈನೋ ಆಸಿಡ್ಡಿನ ಟಾಪ್7 ಪ್ರೋಟೀನ್ ಕೂಡ ಹೀಗೇ ಬಿಸಿಗೆ ಜಗ್ಗಿರ್ಲಿಲ್ಲ, ಓದೋದು ಬೇರೆ ಕಣ್ಣಾರೆ ನೋಡೋದು ಬೇರೆ. ಆದ್ರೆ ನಿಜ ಹೇಳ್ಬೇಕಂದ್ರೆ ನನ್ನ ಬಂಡಲ್ಲು ಬರೀ ನಿಂತಿರತ್ತೆ, ಏನೂ ಕೆಲಸ ಮಾಡಲ್ಲ. ಎಂಜೈಮು ಮಡಚಿರೋದಕ್ಕೂ ಬಿಚ್ಚಿರೋದಕ್ಕೂ ಇರೋ ಶಕ್ತಿಯ ವ್ಯತ್ಯಾಸ ಸಾಮಾನ್ಯವಾಗಿ ಮೋಲಿಗೆ 5ರಿಂದ 15 ಕಿಲೋಕ್ಯಾಲೊರಿ, ಹೈಡ್ರೋಜನ್ ಬಾಂಡ್ ಅನ್ನೋ ದುರ್ಬಲ ಕೊಂಡಿ ಕೆಲವೇ ಇದ್ದಷ್ಟು. ಅಷ್ಟು ಸಡಿಲವಾಗಿ ನಿಂತೇ ಅದು ದುಡಿಯತ್ತೆ, 37 ಡಿಗ್ರಿಯಲ್ಲಿ ಬದುಕೋ ಬ್ಯಾಕ್ಟೀರಿಯಾಗೆ 95 ತಡ್ಕೊಂಡು ಏನಾಗ್ಬೇಕು?

ಹಳುಕು ಕ್ಯುವೆಟ್ ಗೋಡೆಗೆ ಅಂಟ್ಕೊಂಡಿತ್ತು, ಗಿಣ್ಣು ಪಾತ್ರೆ ತಳ ಇದ್ದಂಗೆ. ಅಲ್ಲಾದ್ರೆ ನಾರು ಹಿಡ್ಕೊಂಡು ಉಜ್ಜಬಹುದು. ರಾತ್ರಿಯಿಡೀ ನೈಟ್ರಿಕ್ ಆಸಿಡಲ್ಲಿ ನೆನೆಸಿಟ್ಟು ಮೆಸ್ ಮುಚ್ಚೋಕೆ ಮುಂಚೆ ಓಡಿದೆ.