ಗದಗ ಸೀಮೆಯ ಗುಡಿ ನೋಡೋಕೆ ಕಾರು ಬೇಡ, ಬಸ್ಸೇ ಸಾಕು

ಲಕ್ಕುಂಡಿ ಗದಗಿನಿಂದ ಬರೀ 12 ಕಿಲೋಮೀಟರ್. ಕೊಪ್ಪಳ, ಹೊಸಪೇಟೆ ಕಡೆಯ ಬಸ್ಸುಗಳು ಇದೇ ದಾರಿಯಲ್ಲಿ ಹೋಗುತ್ತವೆ. ಇದನ್ನು ಯಾರೂ ನಮಗೆ ಹೇಳಲಿಲ್ಲ. ಗದಗಿಗೆ ಬಂದಿಳಿದ ಕೂಡಲೇ ಒಬ್ಬ ಕಾರಿನವ ಗಂಟುಬಿದ್ದ. "ಲಕ್ಕುಂಡಿ, ಡಂಬಳ ಎರಡೂ ತೋರಸ್ತೀನ್ರಿ, ಎರಡೂವರೆ ಸಾವಿರ ಕೊಡ್ರಿ" ಅಂದ. ಲಕ್ಕುಂಡಿಯಲ್ಲಿ ಅರ್ಧ ಗಂಟೆ ಆಗಿರಲಿಲ್ಲ, ಹಾರ್ನ್ ಶುರು. ಆಮೇಲೆ ಡಂಬಳಕ್ಕೆ ಇನ್ನೂ ಎಂಟುನೂರು ಬೇಕಂತೆ! ದುಡ್ಡು ಹೋದದ್ದಕ್ಕಿಂತ ಆ ಅವಸರಕ್ಕೇ ಹೊಟ್ಟೆ ಉರಿಯಿತು.

ಯಾಕೆಂದರೆ ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿ ಅವಸರದಲ್ಲಿ ನೋಡುವಂಥದ್ದಲ್ಲ. ಒಂದೇ ಜಗಲಿಯ ಮೇಲೆ ಶಿವನ ಗುಡಿ, ಅದಕ್ಕೆ ಎದುರಾಗಿ ಸೂರ್ಯನ ಗುಡಿ. ಬಾಗಿಲವಾಡದ ಹತ್ತಿರ ಕೂತು ನೋಡಿ. ಬಳ್ಳಿ, ಬಳ್ಳಿಯ ಸುರುಳಿಯೊಳಗೆ ಪುಟ್ಟ ಪುಟ್ಟ ಆಕೃತಿಗಳು, ಸಾಲು ಮೇಲೆ ಸಾಲು. ಕಲ್ಲನ್ನು ಅಷ್ಟು ಸಣ್ಣದಾಗಿ ಕೊರೆದಿದ್ದಾರೆ, ಕಲ್ಯಾಣ ಚಾಲುಕ್ಯರ ಕಾಲದವರು. ಬಳಿಕ ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಗೆ ಹೋಗಿ. ಮೆಟ್ಟಿಲು ಇಳಿಯುತ್ತಾ ಗೋಡೆಯಲ್ಲಿರುವ ಚಿಕ್ಕ ಚಿಕ್ಕ ಗುಡಿಗಳನ್ನು ಗಮನಿಸಿ.

ಮಾರನೇ ದಿನ ಡಂಬಳಕ್ಕೆ ಬಸ್ಸಿನಲ್ಲೇ ಹೋದೆವು. ಮುಂಡರಗಿ ಕಡೆಯ ಬಸ್ಸು ಹತ್ತುವ ಮುಂಚೆ "ಡಂಬಳದ ಮ್ಯಾಲೆ ಹೋಗ್ತೈತೇನ್ರಿ" ಅಂತ ಕಂಡಕ್ಟರನ್ನು ಕೇಳಿಕೊಳ್ಳಿ. ದೊಡ್ಡಬಸಪ್ಪನ ಗುಡಿಯ ಹೊರಗೋಡೆ ನಕ್ಷತ್ರದ ಹಾಗೆ 24 ಮೂಲೆಗಳಲ್ಲಿ ತಿರುಗುತ್ತದೆ. ಒಂದು ಸುತ್ತು ಬನ್ನಿ, ಮೂಲೆ ಮೂಲೆಗೂ ಬಿಸಿಲು ನೆರಳು ಬದಲಾಗುತ್ತದೆ. ನಾವು ಹೋದಾಗ ಒಬ್ಬರೂ ಇರಲಿಲ್ಲ. ಜನಜಂಗುಳಿ ಆಗದ ನನ್ನಂಥವರಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಊಟ ಮಾತ್ರ ಹೋಟೆಲಲ್ಲಿ ಬೇಡ, ಖಾನಾವಳಿ ಹುಡುಕಿ. ಗದಗಿನ ಬಸ್ ನಿಲ್ದಾಣದಿಂದ ಸ್ವಲ್ಪ ನಡೆದರೆ ಸಿಕ್ಕ ಒಂದು ಪುಟ್ಟ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆನೆಮೊಸರು, ಹಸಿ ಉಳ್ಳಾಗಡ್ಡಿ. ರೊಟ್ಟಿ ಬಡಿಯುವ ಸದ್ದು ಒಳಗಿನಿಂದ ಕೇಳುತ್ತಲೇ ಇತ್ತು. "ಸಾಕ್ರೀ ಅಕ್ಕಾ" ಅಂದರೂ "ಒಂದ್ ರೊಟ್ಟಿಗೆ ಏನಾಗ್ತೈತ್ರಿ, ಉಣ್ರಿ" ಅಂತ ಹಾಕಿಯೇ ಬಿಟ್ಟರು. ತಲೆಗೆ ತೊಂಬತ್ತು ರೂಪಾಯಿ. ಹಿಂದಿನ ರಾತ್ರಿ ಲಾಡ್ಜಿನಲ್ಲಿ ತಣ್ಣನೆ ಚಪಾತಿಗೆ ಇದರ ಎರಡರಷ್ಟು ಕೊಟ್ಟಿದ್ದೆವು.

ಗದಗ ಊರೊಳಗಿನ ತ್ರಿಕೂಟೇಶ್ವರ, ವೀರನಾರಾಯಣ ಗುಡಿಗಳನ್ನು ಬೆಳಗ್ಗೆಯೇ ಮುಗಿಸಿ. ಮಧ್ಯಾಹ್ನ ಅಂಗಳದ ಕಲ್ಲು ಕಾದು ಬರಿಗಾಲು ಇಡೋಕೆ ಆಗಲ್ಲ. ಒಂದು ಜೊತೆ ಸಾಕ್ಸ್ ಬ್ಯಾಗಿನಲ್ಲಿರಲಿ.